ಮೇಷ್ಟ್ರ ಮೂರನೇ ಚುಕ್ಕಿ

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಬಸ್ ನಿಲ್ದಾಣದ ಎದುರು, ಔಷಧದ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಆರಡಿ ಅಗಲದ ಗಡಿಯಾರದ ಅಂಗಡಿ ಅವರದು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಕೈಗಡಿಯಾರದ ಹೊಟ್ಟೆ ಬಗೆದು ನೋಡುವುದು ಅವರ ಹೊಟ್ಟೆಪಾಡು. ಆದರೂ ಅವರನ್ನು ಬಲ್ಲವರೆಲ್ಲ ಕರೆಯುವುದು ಮೇಷ್ಟ್ರು ಅಂತಲೇ, ಮತ್ತು ಆ ಕರೆ ಕಿವಿಗೆ ಬಿದ್ದರೆ ಅವರ ಮುಖ ಹೇಗೆ ಅರಳುತ್ತದೆ ಎಂದರೆ, ಭೂತಗನ್ನಡಿ ತಾನಾಗಿ ಕಳಚಿ ಮಡಿಲಿಗೆ ಬೀಳುತ್ತದೆ.

ಹೆಸರು ಬಂದದ್ದು ರೇಡಿಯೋ ಕ್ಲಬ್ಬಿನಿಂದ. ಮನೆಯಲ್ಲೇ ಕೂತು ರೇಡಿಯೋದಲ್ಲಿ ದೂರದೂರದವರೊಡನೆ ಮಾತಾಡುವ, ಇಡೀ ದೇಶದ ಹವ್ಯಾಸಿ ರೇಡಿಯೋದವರಿಗೆ ಸೇರಿದ ಕ್ಲಬ್ಬು ಅದು. ಅದರ ಮುಖ್ಯ ಕಚೇರಿ ಇದೇ ಊರಿನ ಹಳೆಯ ವಿಮಾ ಕಟ್ಟಡದ ಮೂರನೇ ಮಹಡಿಯಲ್ಲಿದೆ. ಮುಖ್ಯ ಕಚೇರಿ ಎಂದರೆ ಏನೋ ಅಂದುಕೊಳ್ಳಬೇಡಿ. ಎರಡು ಕೋಣೆ, ಬಣ್ಣ ಹೋದ ಒಂದು ಲೋಕದ ನಕ್ಷೆ, ನಕ್ಷೆಯ ಮೇಲೆ ಗುಂಡುಸೂಜಿಗಳ ದಂಡು, ಛಾವಣಿಯ ಮೇಲೆ ತಂತಿಗಳ ಗೋಜಲು, ಮತ್ತು ಕಿಟಕಿಯ ಪಕ್ಕ ಒಂದು ಮೇಜು. ಆ ಮೇಜಿನ ಮೇಲೆ ಕ್ಲಬ್ಬಿನ ದೊಡ್ಡ ರೇಡಿಯೋ, ಅದರ ಮುಂದೆ ಒಂದೇ ಒಂದು ಕುರ್ಚಿ. ಈ ಕಥೆಯ ಜಗಳವೆಲ್ಲ ಆ ಕುರ್ಚಿಯದು.

ಕ್ಲಬ್ಬಿಗೆ ಬರುವ ಹೊಸಬರಿಗೆ ಮೋರ್ಸ್, ಅಂದರೆ ಹಿಂದೆ ತಂತಿ ಕಚೇರಿಯವರು ಬಳಸುತ್ತಿದ್ದ ಸದ್ದಿನ ಲಿಪಿ, ಕಲಿಸುವ ಕೆಲಸ ಮೇಷ್ಟ್ರದು. ಕೀ ಎನ್ನುವ ಸಣ್ಣ ಹಿಡಿಯನ್ನು ಒಮ್ಮೆ ಚುಟುಕಾಗಿ ಒತ್ತಿದರೆ ಚುಕ್ಕಿ, ತುಸು ಎಳೆದು ಒತ್ತಿದರೆ ಗೆರೆ. ಇವೆರಡರಲ್ಲೇ ಲೋಕದ ಮಾತೆಲ್ಲ ಅಡಗಿದೆ. ಹತ್ತೊಂಬತ್ತು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ, ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕಾರು ಜನರನ್ನು ಕೂರಿಸಿಕೊಂಡು ಮೇಷ್ಟ್ರು ಕೀ ಒತ್ತುತ್ತಿದ್ದರು, ಒತ್ತಿದ ಅಕ್ಷರವನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಮೊದಲ ದಿನದ ಮೊದಲ ಮಾತು ಯಾವಾಗಲೂ ಒಂದೇ:

"ನೋಡ್ರಪ್ಪಾ, ಗಂಟಲು ಬದಲಾಯಿಸಿ ಫೋನ್ ಮಾಡಿದ್ರೆ ಹೆತ್ತ ತಾಯಿಗೂ ಮೋಸ ಮಾಡ್ಬಹುದು. ಕೀ ಮೇಲೆ ಆ ಆಟ ನಡಿಯಲ್ಲ. ಒಬ್ಬೊಬ್ಬರ ಕೈ ಒಂದೊಂದು ಥರ. ಹೆಸರು ಹೇಳದೆ ಹೋದ್ರೂ ಕೈ ಹೇಳ್ಬಿಡುತ್ತೆ."

ಅವರ ಸ್ವಂತ ಕೈಗೆ ಒಂದು ಕುಂಟು ಇತ್ತು. ಹದಿನೇಳನೆಯ ವಯಸ್ಸಿನಲ್ಲಿ ಗೋಡೆ ಗಡಿಯಾರವೊಂದರ ಸ್ಪ್ರಿಂಗು ಹಾರಿ ಬಲಗೈ ತೋರುಬೆರಳಿಗೆ ಬಡಿದದ್ದೇ, ಆ ಬೆರಳಿನ ನಡುಗಂಟು ಆಮೇಲೆ ಸರಿಯಾಗಿ ಮಡಚಲಿಲ್ಲ. ಮೂರು ಚುಕ್ಕಿ ಸಾಲಾಗಿ ಬಂದರೆ ಮೂರನೆಯದು ಕೂದಲೆಳೆಯಷ್ಟು ತಡ. ಮೇಷ್ಟ್ರ ಕೈ ಕೇಳಿ ಕಲಿತ ಶಿಷ್ಯರೆಲ್ಲ ಆ ಕುಂಟನ್ನೂ ಪಾಠದ ಭಾಗ ಅಂತಲೇ ಕಲಿತರು. ದೇಶದ ಮೂಲೆ ಮೂಲೆಯಲ್ಲಿ ಬೆರಳು ನೆಟ್ಟಗಿರುವ ನೂರಾರು ಮಂದಿ, ಮೂರನೇ ಚುಕ್ಕಿಗೆ ಬಂದಾಗ ಸುಮ್ಮನೆ ಎಡವುತ್ತಿದ್ದರು. ಅದು ಕೇಳಿಸಿದ ಕೂಡಲೆ ಗೊತ್ತಿದ್ದವರು, "ಓ, ಮೇಷ್ಟ್ರ ಕಡೆಯವರು," ಎನ್ನುತ್ತಿದ್ದರು. ಮಕ್ಕಳಿಲ್ಲದ ಮೇಷ್ಟ್ರಿಗೆ ಅದೊಂದು ವಂಶ ಬೆಳೆದಷ್ಟು ಹೆಮ್ಮೆ.

ಗೋಡೆಯ ಆಚೆ, ಒಳಕೋಣೆಯಲ್ಲಿ, ಅವರ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದು ಆಕೆಯ ಕೆಲಸ. ಮದುವೆಯಾಗಿ ಇಪ್ಪತ್ತಾರು ವರ್ಷ. ಮೇಷ್ಟ್ರು ಅಂಗಡಿಯಿಂದ ಬಂದವರೇ ರೇಡಿಯೋ ಮುಂದೆ ಕೂತರೆ, ಗೋಡೆಯ ಕಡೆ ತಿರುಗಿ ಆಡುತ್ತಿದ್ದ ಮಾತು "ಟೀ ಆಯ್ತಾ?" ಎನ್ನುವುದೊಂದೇ. ಟೀ ಬರುತ್ತಿತ್ತು. ಲೋಟ ಖಾಲಿಯಾಗಿ ವಾಪಸು ಹೋಗುತ್ತಿತ್ತು. ಸಂಸಾರ ಸುಖವಾಗಿಯೇ ಇತ್ತು ಎಂದು ಮೇಷ್ಟ್ರು ತಿಳಿದಿದ್ದರು.

ಎರಡು ವರ್ಷದ ಹಿಂದೆ ಒಂದು ಭಾನುವಾರ, ಬಸ್ ಕಂಡಕ್ಟರ್ ಶಿಷ್ಯನೊಬ್ಬ ಅಕ್ಷರವೊಂದನ್ನು ಕೇಳಿ "ಎಲ್" ಅಂದ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಒಳಗಿನಿಂದ, ಯಂತ್ರದ ಸದ್ದಿನ ನಡುವೆಯೇ, ಒಂದು ಧ್ವನಿ ಬಂತು.

"ಎಲ್ ಅಲ್ಲಪ್ಪಾ, ಎಫ್. ಗೆರೆ ಮೂರನೇದು ತಾನೇ."

ಕೋಣೆಯಲ್ಲಿ ನಗೆ ಎದ್ದಿತು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಹೆಂಡತಿಯನ್ನು ಕೈಹಿಡಿದು ಎಳೆತಂದು ಕೂರಿಸಿ, ಒಂದು ಪುಟ ಒತ್ತಿ ತೋರಿಸಿದರು. ಹತ್ತಿರದಲ್ಲಿದ್ದ ಶರ್ಟಿನ ಕಾಗದದ ಮಾದರಿಯ ಮೇಲೆ ಆಕೆ ಒಂದು ತಪ್ಪೂ ಇಲ್ಲದೆ ಬರೆದಿಟ್ಟಳು. "ನೋಡಿದ್ರಾ? ನನ್ನ ಪಾಠ ಗೋಡೆ ದಾಟಿ ಹೋಗಿದೆ!" ಎಂದು ಮೇಷ್ಟ್ರು ಆ ವಾರವೆಲ್ಲ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡರು. ಪರೀಕ್ಷೆಗೆ ಅರ್ಜಿ ತಂದುಕೊಟ್ಟವರೂ ಅವರೇ, ಲೈಸೆನ್ಸ್ ಬಂದ ದಿನ ಸಿಹಿ ಹಂಚಿದವರೂ ಅವರೇ. ಒಂದು ಮನೆ, ಎರಡು ಲೈಸೆನ್ಸು, ಒಂದೇ ರೇಡಿಯೋ. ಹಾಗಾಗಿ ಗಂಡ ಹೆಂಡತಿ ಗಾಳಿಯಲ್ಲಿ ಮಾತಾಡುವ ಪ್ರಶ್ನೆಯೇ ಬರಲಿಲ್ಲ. ಅಂಥದೊಂದು ಪ್ರಶ್ನೆ ಇದೆ ಎಂದು ಮೇಷ್ಟ್ರಿಗೆ ಹೊಳೆಯಲೂ ಇಲ್ಲ.

ಹೆಮ್ಮೆ ಹುಳಿಯಾಗಲು ಹೆಚ್ಚು ದಿನ ಬೇಕಾಗಲಿಲ್ಲ.

ಆಕೆಯ ಕೈ ಹೊಲಿಗೆ ಹಾಕಿದಷ್ಟು ಸಮ. ಇಪ್ಪತ್ತಾರು ವರ್ಷ ಯಂತ್ರ ತುಳಿದ ಲಯವೋ ಏನೋ, ಚುಕ್ಕಿಗೆ ಚುಕ್ಕಿ ತಾಳೆ, ಗೆರೆಗೆ ಗೆರೆ ತಾಳೆ. ಮೂರನೇ ಚುಕ್ಕಿಯಲ್ಲಿ ಕುಂಟಿಲ್ಲ! ಮೇಷ್ಟ್ರಿಂದ ಕಲಿತವರಲ್ಲಿ ಆ ಕುಂಟು ಇಲ್ಲದ ಒಬ್ಬಳೇ ಒಬ್ಬಳು ಅವರ ಹೆಂಡತಿ. ಮೇಷ್ಟ್ರು ನಿಮಿಷಕ್ಕೆ ಇಪ್ಪತ್ತೆಂಟು ಪದ ಹಿಡಿದರೆ ಆಕೆ ನಲವತ್ತು ಹಿಡಿಯುತ್ತಿದ್ದಳು, ಅದೂ ಎಲ್ಲೋ ನೋಡುತ್ತ. ಕ್ಲಬ್ಬಿಗೆ ಯಾರೋ ಹೊರಗಿನವರು ಬಂದು ಆಕೆಯ ಕೈ ಕೇಳಿ, "ಇವರಿಗೆ ಕಲಿಸಿದ್ದು ಯಾರು?" ಎಂದು ಕೇಳಿದಾಗ ಮೇಷ್ಟ್ರು ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದರು. ಬಂದವನು ಅವರ ಕೈಯನ್ನೂ ಕೇಳಿ, "ಅಲ್ಲ ಬಿಡಿ, ಬೇರೆ ಯಾರೋ ಇರ್ಬೇಕು," ಅಂದ. ತಮಾಷೆಗೇ ಅಂದದ್ದು. ಮೇಷ್ಟ್ರು ಅಂದು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಹೊಟ್ಟೆಕಿಚ್ಚು ಎನ್ನುವುದು ಪಕ್ಕದ ಮನೆಯವನ ಮೇಲಿದ್ದರೆ ಸಲೀಸು. ಬಾಗಿಲು ಹಾಕಿಕೊಂಡು ಬೈಯಬಹುದು. ತಮ್ಮದೇ ತಟ್ಟೆಬಟ್ಟಲು ತೊಳೆಯುವವಳ ಮೇಲೆ ಬಂದರೆ ಎಲ್ಲಿಗೆ ಹೋಗುವುದು? ಮೇಷ್ಟ್ರು ಸಣ್ಣಪುಟ್ಟದರಲ್ಲಿ ತೀರಿಸಿಕೊಳ್ಳತೊಡಗಿದರು. ಟೀಗೆ ಸಕ್ಕರೆ ಹೆಚ್ಚಾಯಿತು ಅಂದರು. ಹೊಲಿಗೆ ಯಂತ್ರದ ಸದ್ದು ತಲೆ ತಿನ್ನುತ್ತದೆ ಅಂದರು. ಆಕೆ ರೇಡಿಯೋ ಮುಂದೆ ಕೂತಾಗಲೇ ಅವರಿಗೆ ಅದರ ಧೂಳು ಒರೆಸುವ ನೆನಪಾಗುತ್ತಿತ್ತು. ಕ್ಲಬ್ಬಿನಲ್ಲಿ ಯಾರಾದರೂ "ಅಕ್ಕ ಬರಲಿಲ್ವಾ?" ಎಂದು ಕೇಳಿದರೆ, ತಾವು ಇಡೀ ಮನುಷ್ಯರಾಗಿ ಎದುರಿಗೆ ನಿಂತಿರುವುದು ಇವರಿಗೆ ಕಾಣುವುದಿಲ್ಲವೇ ಎಂದು ಮೈ ಉರಿದುಹೋಗುತ್ತಿತ್ತು.

ಇಷ್ಟನ್ನೂ ನುಂಗಿಕೊಂಡಿದ್ದರೇನೋ. ಆದರೆ ಕುರ್ಚಿಯ ವಿಷಯ ಬಂತು.

ವರ್ಷಕ್ಕೊಂದು ಸಲ ದೇಶದ ಕ್ಲಬ್ಬುಗಳಿಗೆಲ್ಲ ಒಂದು ಸ್ಪರ್ಧೆ. ನಿಗದಿಯಾದ ಎರಡು ಗಂಟೆಯಲ್ಲಿ ಎಷ್ಟು ಜನರನ್ನು ಕರೆದು, ಉತ್ತರ ಪಡೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ ಎನ್ನುವುದೇ ಲೆಕ್ಕ. ಹದಿನಾಲ್ಕು ವರ್ಷ ಮುಖ್ಯ ಕಚೇರಿಯ ಆ ಕುರ್ಚಿಯಲ್ಲಿ ಕೂತವರು ಮೇಷ್ಟ್ರು. ಈ ಸಲ ಕ್ಲಬ್ಬಿನ ಸೆಕ್ರೆಟರಿ, ಅಂಚೆ ಇಲಾಖೆಯಿಂದ ನಿವೃತ್ತರಾದ ನೇರ ಮಾತಿನ ಮನುಷ್ಯ, ಸಭೆಯಲ್ಲಿ ಎದ್ದು ನಿಂತರು.

"ಮೇಷ್ಟ್ರೇ, ಈ ಸಲ ಅಮ್ಮಾವ್ರು ಕೂರಲಿ. ನಿಮ್ಮದು ಗಂಟೆಗೆ ನಲವತ್ತು ಜನ ದಾಟಲ್ಲ. ಅವರು ಅರವತ್ತು ಮಾಡ್ತಾರೆ. ಏನಂತೀರಿ?"

ಕಂಡಕ್ಟರ್‌ಗೆ ಆ ಕುರ್ಚಿಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. "ನಮ್ಮಂಥವರಿಗೆ ಯಾವಾಗ ಸಾರ್ ಚಾನ್ಸು? ಎಲ್ಲ ಒಂದೇ ಮನೆಗೆ ಬರೆದುಕೊಟ್ಬಿಟ್ಟಿದೀರಲ್ಲ!" ಎಂದು ಸಿಡುಕಿದ. ಅವನಾದರೂ ಬಾಯಿಬಿಟ್ಟು ಸಿಡುಕಿದ. ಮೇಷ್ಟ್ರು ಹಲ್ಲು ಬಿಟ್ಟು ನಕ್ಕು, "ನನಗೆ ಅದಕ್ಕಿಂತ ಸಂತೋಷ ಇನ್ನೇನಿದೆ?" ಅಂದರು. ಮನೆಯವರೆಗೂ ಆ ನಗು ಮುಖಕ್ಕೆ ಅಂಟಿಸಿಕೊಂಡು ಬಂದರು.

ಸ್ಪರ್ಧೆಯ ಭಾನುವಾರ ಬೆಳಿಗ್ಗೆ ಮೇಷ್ಟ್ರಿಗೆ ಹೊಟ್ಟೆನೋವು.

"ಬರ್ತೀರಾ, ಇಲ್ವಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಪೆನ್ಸಿಲ್ ಡಬ್ಬಿ, ಪರೀಕ್ಷೆಗೆ ಹೊರಟ ಹುಡುಗಿಯ ಕಳೆ.

"ನೀನು ಹೋಗು. ಹೊಟ್ಟೆ ಒಂಥರಾ ಹಿಂಡ್ತಾ ಇದೆ."

ಆಕೆ ಬಿಸಿನೀರನ್ನು ಫ್ಲಾಸ್ಕಿಗೆ ತುಂಬಿ, ಪಕ್ಕದಲ್ಲಿ ಮಾತ್ರೆ ಇಟ್ಟು ಹೋದಳು. ಮೇಷ್ಟ್ರು ಹತ್ತು ಗಂಟೆಗೆ ರೇಡಿಯೋ ಹಾಕಿದರು. ಕೇಳುವುದಕ್ಕಷ್ಟೇ, ಎಂದು ತಮಗೆ ತಾವೇ ಹೇಳಿಕೊಂಡರು.

ಊರಿನ ಆ ತುದಿಯಿಂದ ಹೆಂಡತಿಯ ಕೈ ಸ್ಪಷ್ಟವಾಗಿ ಬಂತು. ಕರೆಯುತ್ತಾಳೆ, ಚೂರು ನಿಲ್ಲಿಸುತ್ತಾಳೆ. ಆ ಬಿಡುವಿನಲ್ಲಿ ದೂರದೂರದವರು ಸಣ್ಣ ಧ್ವನಿಯಲ್ಲಿ ಉತ್ತರಿಸುತ್ತಾರೆ. ಒಬ್ಬೊಬ್ಬರನ್ನೇ ಹೆಕ್ಕಿ ಬರೆದುಕೊಂಡು ಮತ್ತೆ ಕರೆಯುತ್ತಾಳೆ. ಎಲ್ಲೂ ತಡವರಿಕೆಯಿಲ್ಲ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಮೇಷ್ಟ್ರ ಕರೆಗೆ ಇಷ್ಟು ಜನ ಮುಗಿಬಿದ್ದಿರಲಿಲ್ಲ. ಅರ್ಧ ಗಂಟೆ ಹಲ್ಲು ಕಚ್ಚಿ ಕೇಳಿದರು. ಬಹಳ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಅವರಿಗೆ ತಡೆಯಲಾಗಲಿಲ್ಲ.

ಹತ್ತೂವರೆಗೆ ಅವರ ಕೈ ಕೀಯ ಮೇಲೆ ಹೋಯಿತು. ಆಕೆ ಕರೆದು ನಿಲ್ಲಿಸಿದ ಬಿಡುವು ನೋಡಿ, ಸರಿಯಾಗಿ ಅದೇ ಜಾಗದಲ್ಲಿ, 'ವಿ' ಒತ್ತಿದರು. ಮೂರು ಚುಕ್ಕಿ, ಒಂದು ಗೆರೆ. ಯಂತ್ರ ಸರಿ ಇದೆಯೇ ಎಂದು ಪರೀಕ್ಷಿಸುವವರು ಒತ್ತುವ ಅಕ್ಷರ ಅದು, ಅರ್ಥವೇನಿಲ್ಲ. ಗಾಳಿಯಲ್ಲಿ ಹೆಸರಿನ ಬದಲು ಬಳಸುವ, ಲೈಸೆನ್ಸಿನ ಜೊತೆ ಬಂದ ತಮ್ಮ ಗುರುತನ್ನು ಹೇಳಲಿಲ್ಲ. ಮತ್ತೊಂದು 'ವಿ'. ಇನ್ನೊಂದು. ದೂರದವರ ಸಣ್ಣ ಧ್ವನಿಗಳೆಲ್ಲ ಅದರಡಿ ಮುಚ್ಚಿಹೋದವು. ಆಕೆ ಮತ್ತೆ ಕರೆದಳು. ಮೇಷ್ಟ್ರು ಕಾದಿದ್ದು ಮತ್ತೆ ಬಿಡುವಿಗೆ ಸರಿಯಾಗಿ ಒತ್ತಿದರು. ಬಿಡುವು ಎಲ್ಲೆಲ್ಲಿ ಬರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಹೀಗೆ ಇಪ್ಪತ್ತೆರಡು ನಿಮಿಷ. ಕೊನೆಗೆ ಬೆರಳು ಮರಗಟ್ಟಿತು. ಅದಕ್ಕಾಗಿಯೇ ನಿಲ್ಲಿಸಿದರು, ಬೇರೆ ಯಾವ ಒಳ್ಳೆಯ ಕಾರಣವೂ ಇರಲಿಲ್ಲ. ಬೆರಳು ಉಜ್ಜಿಕೊಳ್ಳುತ್ತ ತಲೆ ಎತ್ತಿದರೆ ಎದುರಿಗೆ ಫ್ಲಾಸ್ಕು. ಮಾತ್ರೆ. ಮೇಷ್ಟ್ರು ಎದ್ದು, ಬಿಸಿಯಾಗಿದ್ದ ರೇಡಿಯೋಗೆ ಪೇಪರಿನಲ್ಲಿ ಗಾಳಿ ಹಾಕತೊಡಗಿದರು, ಅದಕ್ಕೇ ಜ್ವರ ಬಂದಂತೆ.

ಮಧ್ಯಾಹ್ನ ಹೆಂಡತಿ ಬಂದಳು. ರೇಡಿಯೋ ಕಡೆ ತಿರುಗಿಯೂ ನೋಡಲಿಲ್ಲ.

"ಹೊಟ್ಟೆ ಹೇಗಿದೆ?"

"ಈಗ ಪರವಾಗಿಲ್ಲ. ಸ್ಪರ್ಧೆ ಏನಾಯ್ತು?"

"ಎರಡನೇ ಸ್ಥಾನಕ್ಕೂ ಬರಲ್ವಂತೆ," ಅಂದಳು, ಅಷ್ಟೇ. ಪೆನ್ಸಿಲ್ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಯಂತ್ರದ ಮುಂದೆ ಕೂತಳು.

ಮಂಗಳವಾರ ಸೆಕ್ರೆಟರಿ ಅಂಗಡಿಗೆ ಬಂದರು. ಸ್ಪರ್ಧೆಯನ್ನು ಅವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು.

"ಇದನ್ನ ಕೇಳಿ ಮೇಷ್ಟ್ರೇ. ಯಾವನೋ ಬೇಕಂತಲೇ ಮಾಡಿದ್ದು. ನಾನು ಬಡ್ಕೊಂಡೆ, 'ಅಮ್ಮಾ, ರೇಡಿಯೋ ಗುಂಡಿ ತಿರುಗಿಸಿ, ಅವನ ಕಾಟ ಇಲ್ಲದ ಬೇರೆ ಜಾಗಕ್ಕೆ ಹೋಗಿ' ಅಂತ. ಅಮ್ಮಾವ್ರು ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಎಂಥಾ ಹಟ ಅಂತೀನಿ!"

ಗೋಡೆ ತುಂಬ ಗಡಿಯಾರಗಳು ಟಿಕ್‌ಟಿಕ್ ಎನ್ನುತ್ತಿದ್ದವು. ಅದರ ನಡುವೆ ಮೇಷ್ಟ್ರು ತಮ್ಮದೇ ಕೈಯನ್ನು ಕೇಳಿದರು. ಮೂರನೇ ಚುಕ್ಕಿ, ಕೂದಲೆಳೆಯಷ್ಟು ತಡ. ನೂರಾರು ಜನರ ಮುಂದೆ ತಾವೇ ಹೇಳಿದ್ದ ಮೊದಲ ದಿನದ ಪಾಠ, ಆ ಹತ್ತೂವರೆಗೆ ಒಮ್ಮೆಯೂ ನೆನಪಾಗಿರಲಿಲ್ಲ.

"ನಿಮ್ಮ ಕಡೆಯವರೇ ಯಾರೋ, ಅಷ್ಟು ಖಾತ್ರಿ," ಅಂದರು ಸೆಕ್ರೆಟರಿ. "ಯಾರ ಕೈ ಅಂತ ನೀವೇ ಹೇಳ್ಬೇಕು. ಎಲ್ಲರೂ ಕಂಡಕ್ಟರ್ ಹೆಸರು ಹೇಳ್ತಿದಾರೆ. ಅವತ್ತು ಸಭೆಲಿ ಕೂಗಾಡಿದ್ನಲ್ಲ. ಅವನದೇನಾ?"

ಅಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಮೇಷ್ಟ್ರು ಭೂತಗನ್ನಡಿ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಇರಬಹುದು," ಅಂದರು.

ಆ ಒಂದು ಮಾತು ಭಾನುವಾರದ ಹೊತ್ತಿಗೆ "ಮೇಷ್ಟ್ರೇ ಹೇಳಿದಾರೆ" ಎಂದಾಗಿ ಬೆಳೆದಿತ್ತು. ಕ್ಲಬ್ಬಿನ ಕೋಣೆ ಭರ್ತಿ. ಕಂಡಕ್ಟರ್ ಡ್ಯೂಟಿಯಿಂದ ನೇರ ಬಂದಿದ್ದ, ಟಿಕೆಟ್ ಚೀಲ ಇನ್ನೂ ಹೆಗಲಲ್ಲಿತ್ತು. ಅವನನ್ನು ಕ್ಲಬ್ಬಿನಿಂದ ತೆಗೆಯಬೇಕು, ಲೈಸೆನ್ಸ್ ರದ್ದು ಮಾಡಿ ಎಂದು ಸರ್ಕಾರಕ್ಕೆ ಬರೆಯಬೇಕು ಎನ್ನುವ ಮಾತು ನಡೆಯಿತು. ಮೇಷ್ಟ್ರ ಹೆಂಡತಿ ಕಿಟಕಿಯ ಪಕ್ಕ ಕೂತು ಮೇಷ್ಟ್ರನ್ನೇ ನೋಡುತ್ತಿದ್ದಳು. ಸೆಕ್ರೆಟರಿ ಅಭ್ಯಾಸದ ಕೀಯನ್ನು ಮೇಜಿನ ಮೇಲಿಟ್ಟರು.

"ಒತ್ತಪ್ಪಾ, ನಾಲ್ಕು ಸಲ 'ವಿ'. ಎಲ್ಲರೂ ಕೇಳಲಿ."

ಕಂಡಕ್ಟರ್ ಒತ್ತಿದ. ಮೂರನೇ ಚುಕ್ಕಿ ಕುಂಟಿತು. "ಅದೇ, ಅದೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕಂಡಕ್ಟರ್ ಬೆವರಿದ, ಆದರೆ ಹೆದರಲಿಲ್ಲ. ಮೇಷ್ಟ್ರ ಕಡೆ ತಿರುಗಿ ನಕ್ಕ.

"ಅಲ್ರೀ, ನಮಗೆಲ್ಲ ಕಲಿಸಿದ್ದೇ ಹೀಗೆ. ಮೇಷ್ಟ್ರೇ, ನೀವೊಂದ್ಸಲ ಒತ್ತಿ ತೋರಿಸಿ ಸಾರ್, ಇದು ಎಲ್ಲಿಂದ ಬಂತು ಅಂತ ಇವರಿಗೆ ಗೊತ್ತಾಗಲಿ. ನನ್ನ ಕೈ ನಿಮಗೆ ಗೊತ್ತಿಲ್ವಾ? ನೀವು ಅಲ್ಲ ಅಂದ್ರೆ ಅಲ್ಲ."

ಮೇಷ್ಟ್ರು ಕೀಯ ಮುಂದೆ ಕೂತರು. ಈಗಲೂ ದಾರಿಯಿತ್ತು. ಒತ್ತಿ ತೋರಿಸಿ, ಎಲ್ಲರ ಕೈಯಲ್ಲೂ ಕುಂಟಿದೆ, ಯಾರದೆಂದು ಹೇಳಲಾಗದು ಅಂದುಬಿಟ್ಟರೆ ಇಬ್ಬರೂ ಪಾರು. ಮೊದಲು ಸಮನಾಗಿ ಒತ್ತಲು ನೋಡಿದರು, ನಾಚಿಕೆಗೇಡು, ಅದನ್ನೂ ಮಾಡಿದರು. ಬೆರಳು ಕೇಳಲಿಲ್ಲ. ಮೂರನೇ ಚುಕ್ಕಿ ತಡವಾಗಿಯೇ ಬಂತು. ಕಂಡಕ್ಟರ್, "ನೋಡಿದ್ರಾ?" ಎಂದು ಎಲ್ಲರ ಮುಖ ನೋಡಿದ, ತನ್ನ ಮೇಷ್ಟ್ರು ತನ್ನನ್ನು ಉಳಿಸಿದರೆಂಬ ಖುಷಿಯಲ್ಲಿ.

ಆ ಖುಷಿಯನ್ನು ಮೇಷ್ಟ್ರಿಂದ ನೋಡಲಾಗಲಿಲ್ಲ.

"ಅವನಲ್ಲ," ಅಂದರು. "ನಾನು. ಹೊಟ್ಟೆನೋವೂ ಸುಳ್ಳು. ಅವಳು ಅಷ್ಟು ಚೆನ್ನಾಗಿ ಒತ್ತೋದು ನನ್ನಿಂದ ತಡ್ಕೊಳ್ಳೋಕೆ ಆಗ್ಲಿಲ್ಲ."

ಕಂಡಕ್ಟರ್ ಮೊದಲು ಅರ್ಥವಾಗದೆ ನಿಂತ. ಅರ್ಥವಾದ ಮೇಲೆ ಟಿಕೆಟ್ ಚೀಲ ಸರಿ ಮಾಡಿಕೊಂಡು ಮೆಟ್ಟಿಲಿಳಿದು ಹೋದ. ಬೈದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. ಸೆಕ್ರೆಟರಿ ಕನ್ನಡಕ ಹಾಕಿಕೊಂಡು ಕಾಗದ ತೆಗೆದರು. ಒಂದು ವರ್ಷ ಪಾಠವಿಲ್ಲ. ಒಂದು ವರ್ಷ ಕೀ ಮುಟ್ಟುವಂತಿಲ್ಲ, ಕ್ಲಬ್ಬಿನದಾಗಲಿ ಮನೆಯದಾಗಲಿ. ಕೇಳಬಹುದು, ಅಷ್ಟೇ. ಮೇಷ್ಟ್ರು ಸಹಿ ಹಾಕಿದರು.

ಗಂಡ ಹೆಂಡತಿ ಮನೆಗೆ ನಡೆದೇ ಹೊರಟರು. ಬಸ್ ಹತ್ತುವ ಧೈರ್ಯ ಮೇಷ್ಟ್ರಿಗೆ ಇರಲಿಲ್ಲ; ಯಾವ ಬಸ್ಸಿನಲ್ಲಿ ಯಾವ ಕಂಡಕ್ಟರೋ. ಪೆಟ್ರೋಲ್ ಬಂಕ್ ದಾಟಿದ ಮೇಲೆ ಮೇಷ್ಟ್ರು ಕೇಳಿದರು:

"ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ 'ವಿ'ಗೆ. ಮೂರನೇ ಚುಕ್ಕಿಗೆ."

"ಅವರೆಲ್ಲರ ಕೈಯಲ್ಲೂ ಅದು ಇದೆಯಲ್ಲೇ."

"ಅವರು ಅಲ್ಲಿ ಬೇಕಂತ ನಿಲ್ತಾರೆ. ನಿಮಗೆ ಅಲ್ಲಿ ನೋಯುತ್ತೆ. ಎರಡೂ ಒಂದೇ ಥರ ಕೇಳ್ಸುತ್ತಾ?"

ಮೇಷ್ಟ್ರು ಬಲಗೈಯನ್ನು ಜೇಬಿಗೆ ತುರುಕಿಕೊಂಡರು. ಸ್ವಲ್ಪ ದೂರ ಹೋಗಿ ಮತ್ತೆ, "ಗೊತ್ತಾಗಿದ್ದ ಮೇಲೆ ಬೇರೆ ಜಾಗಕ್ಕೆ ಹೋಗೋದು ತಾನೇ? ಸೆಕ್ರೆಟರಿ ಅಷ್ಟು ಹೇಳಿದ್ರಂತೆ. ಗೆಲ್ತಿದ್ದೆ ನೀನು," ಅಂದರು.

ಆಕೆ ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ದಾಟಿದ ಮೇಲೆ ಹೇಳಿದಳು:

"ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಬಂದು ಎರಡು ವರ್ಷ ಆಯ್ತೇನೋ. ನನಗೆ ಆ ಪೆಟ್ಟಿಗೆ ಮೇಲೆ ಬಂದು ಇಪ್ಪತ್ತಾರು ವರ್ಷ ಆಯ್ತು. ಯಾವುದೋ ದ್ವೀಪದಲ್ಲಿ ಕೂತಿರೋನಿಗೆ ನಮ್ಮನೆ ಮೇಲೆ ಮೋಡ ಆಗಿದೆ ಅಂತ ಹೇಳ್ತಿದ್ರಿ. ನನಗೆ ಹೇಳ್ತಿದ್ದದ್ದು ಟೀ ಆಯ್ತಾ ಅಂತ ಒಂದೇ. ಲೋಕದೋರಿಗೆಲ್ಲ ಇವರು ಅಷ್ಟೊಂದು ಏನು ಹೇಳ್ತಾರೆ ಅಂತ ಹೊಟ್ಟೆ ಉರಿದು ಗೋಡೆಗೆ ಕಿವಿ ಕೊಟ್ಟೆ. ಹಾಗೆ ಕಲಿತಿದ್ದು ನಾನು. ಜಾಣತನಕ್ಕಲ್ಲ."

ಮೇಷ್ಟ್ರು ನಿಂತುಬಿಟ್ಟರು. ಆಕೆ ನಿಲ್ಲಲಿಲ್ಲ, ನಡೆಯುತ್ತಲೇ ಮುಂದುವರಿಸಿದಳು, ಅವರು ಹಿಂದಿನಿಂದ ಓಡಿ ಸೇರಿಕೊಳ್ಳಬೇಕಾಯಿತು.

"ಅವತ್ತು ಇಪ್ಪತ್ತೆರಡು ನಿಮಿಷ ನೀವು ಒತ್ತಿದ್ದು ನನಗೆ. ಜಗಳಾನೋ ಬೈಗುಳಾನೋ, ನನಗೇ ತಾನೇ? ಮದುವೆಯಾದ ಮೇಲೆ ಅದೇ ಮೊದಲು. ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ."

ಆ ದಿನ ಮನೆಗೆ ಬಂದು ಟೀ ಮಾಡಿದವರು ಮೇಷ್ಟ್ರು. ಸಕ್ಕರೆ ಹೆಚ್ಚಾಗಿತ್ತು, ಆಕೆ ಕುಡಿದಳು. ಮುಂದಿನ ಭಾನುವಾರ ಹತ್ತು ಗಂಟೆಗೆ ಹೆಂಡತಿ ಕ್ಲಬ್ಬಿನ ಕುರ್ಚಿಯಲ್ಲಿ ಕೂತಳು, ಮೇಷ್ಟ್ರು ಮನೆಯಲ್ಲಿ ರೇಡಿಯೋ ಹಾಕಿ ಕೂತರು. ಆ ಸಮನಾದ ಕೈ ಮೊಟ್ಟಮೊದಲು ಕರೆದದ್ದು ಅವರ ಗುರುತನ್ನೇ. ಒಂದು ಸಲ ಕರೆದು ನಿಲ್ಲಿಸಿತು. ಕಾಯಿತು. ಮತ್ತೆ ಕರೆದು, ಮತ್ತೆ ಕಾಯಿತು. ಮೇಷ್ಟ್ರು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದರು. ಉತ್ತರ ಕೊಡಲು ಇನ್ನೂ ಮುನ್ನೂರ ಐವತ್ತೆಂಟು ದಿನ ಇತ್ತು.